ಗುಡಿಯ ಕಂಬದ ಪೆಟ್ಟಿಗೆ

ನಿಮ್ಮ ಅತ್ತೆ ವೀಡಿಯೊದಲ್ಲಿ ಕಾಣಿಸಿಕೊಂಡ ಕೂಡಲೇ ಎರಡೂ ತೋರುಬೆರಳುಗಳಿಂದ ಗಾಳಿಯಲ್ಲಿ ಒಂದು ಚೌಕ ಬರೆಯುತ್ತಾಳಲ್ಲ, ಅದೇನೆಂದು ಹೋದ ರಜೆಯಲ್ಲಿ ನೀವಿಬ್ಬರೂ ಕೇಳಿದಿರಿ. ಏನೋ ಆಟ ಎಂದು ನಾನು ಜಾರಿಕೊಂಡೆ. ಎದುರಿಗೆ ಕೂತು ಹೇಳುವುದು ನನ್ನಿಂದಾಗದು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅತ್ತೆಗೆ, ಎಂದರೆ ನನ್ನ ಮಗಳಿಗೆ, ಹುಟ್ಟಿನಿಂದಲೇ ಕಿವಿ ಕೇಳಿಸದು. ನಿಮ್ಮ ತಾತ ಇದ್ದಾಗ ಅವಳನ್ನು ತುಮಕೂರಿನಲ್ಲಿ ಅಂಥ ಮಕ್ಕಳ ಶಾಲೆಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟು ಬಂದಿದ್ದರು. ಅಲ್ಲಿ ಅವಳು ಕೈಯಲ್ಲಿ ಮಾತಾಡುವುದನ್ನು ಕಲಿತಳು. ನಾವು ಬಾಯಲ್ಲಿ ಆಡುವ ಮಾತಿಗಿಂತ ಅದು ಯಾವುದರಲ್ಲೂ ಕಡಿಮೆಯಿಲ್ಲ. ಜಗಳ ಆಡಬಹುದು, ಚಾಡಿ ಹೇಳಬಹುದು, ಅಣಕಿಸಬಹುದು. ಆದರೆ ಹತ್ತನೆಯ ತರಗತಿ ಮುಗಿಸಿ ಊರಿಗೆ ಬಂದ ಮೇಲೆ ಅವಳ ಕೈಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಉಣ್ಣು, ನೀರು, ಬಾ, ಹಸು, ಬಯ್ಯುತ್ತಾರೆ, ಇಷ್ಟು. ಇಷ್ಟನ್ನೇ ಇಟ್ಟುಕೊಂಡು ಅವಳು ನಮ್ಮ ಜೊತೆ ಬಾಳಿದಳು. ಓಣಿಯವರು ಮೂಗಿ ಎಂದೇ ಕರೆಯುತ್ತಿದ್ದರು. ಕೇಳಿಸುವುದಿಲ್ಲವಲ್ಲ ಎಂದು ಅವಳ ಎದುರಿಗೇ ಹಾಗನ್ನುತ್ತಿದ್ದರು. ಅವಳು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳೆಂದು ಅವರಿಗೆ ಗೊತ್ತಿರಲಿಲ್ಲ.

ನಿಮ್ಮ ಅಪ್ಪ ಕೊರಟಗೆರೆಯಲ್ಲಿ ಮನೆ ಮಾಡಿದ ಮೇಲೆ ತಂಗಿಗೊಂದು ದೊಡ್ಡ ಪರದೆಯ ಫೋನು ತಂದುಕೊಟ್ಟ. ಹಾಸ್ಟೆಲಿನ ಗೆಳತಿಯರ ಜೊತೆ ಮಾತಾಡಿಕೊಳ್ಳಲಿ ಎಂದು. ಅವಳು ಕುಣಿದುಬಿಟ್ಟಳು. ಆದರೆ ನಮ್ಮೂರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಹಲೋ ಎಂದರೆ ಹೇಗೋ ಕೇಳಿಸುತ್ತದೆ. ಬಾಯಿ ಇರುವವರಿಗೆ ಅಷ್ಟು ಸಾಕು. ಅವಳಿಗೆ ಸಾಲದು. ಪರದೆಯ ಮೇಲೆ ಗೆಳತಿಯ ಕೈ ಅರ್ಧ ಮೇಲೆದ್ದು ಹಾಗೆಯೇ ನಿಲ್ಲುತ್ತಿತ್ತು, ನಡುವೆ ಒಂದು ಬಳೆಯಂಥದ್ದು ಸುತ್ತುತ್ತಲೇ ಇರುತ್ತಿತ್ತು. ಮತ್ತೆ ಕೈ ಅಲ್ಲಾಡುವ ಹೊತ್ತಿಗೆ ಮಾತು ಎಲ್ಲಿಗೋ ಹೋಗಿಬಿಟ್ಟಿರುತ್ತಿತ್ತು. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕೆರೆ ಏರಿಗೆ ಓಡುತ್ತಿದ್ದಳು, ಅಲ್ಲಿಂದ ನೀರಿನ ಟ್ಯಾಂಕಿನ ಮೆಟ್ಟಿಲಿಗೆ.

ಫೋನೇ ಕೆಟ್ಟಿದೆ ಎಂದುಕೊಂಡು ನಾನು ಅದನ್ನು ಶಿರಾಕ್ಕೆ ತೆಗೆದುಕೊಂಡು ಹೋದೆ. ಅಂಗಡಿಯ ಸಾಹೇಬರು ಅದನ್ನು ಮಗುಚಿ ನೋಡಿ ನಕ್ಕರು.

"ಅಮ್ಮಾ, ಫೋನು ಬಿಲ್ಕುಲ್ ಚೆನ್ನಾಗೈತೆ. ನಿಮ್ಮೂರಿಗೇ ರಿಪೇರಿ ಆಗ್ಬೇಕು. ಊರ್ನ ತಂದ್ರೆ ನೋಡ್ಕೊಡ್ತೀನಿ."

ನಾನು ನಾಚಿಕೊಂಡು ಬಂದುಬಿಟ್ಟೆ. ಆದರೆ ಅವರು ಹೇಳಿದ್ದು ನಿಜವಾಗಿತ್ತು.

ಅದಾಗಿ ಒಂದು ಬೇಸಿಗೆಯಲ್ಲಿ ಸರ್ಕಾರದ ಕೇಬಲ್ಲು ರಸ್ತೆ ಪಕ್ಕದಲ್ಲಿ ನೆಲ ಬಗೆದುಕೊಂಡು ಪಂಚಾಯ್ತಿಯವರೆಗೆ ಬಂತು. ಪಂಚಾಯ್ತಿಯಿಂದ ಪ್ರತಿ ಹಳ್ಳಿಗೆ ಒಂದು ಪೆಟ್ಟಿಗೆ, ಅದರ ಹತ್ತಿರ ಹೋಗಿ ಕೂತವರಿಗೆಲ್ಲ ಪುಕ್ಕಟೆ ನೆಟ್ಟು ಎಂದರು. ಪೆಟ್ಟಿಗೆಯನ್ನು ಎಲ್ಲಿ ಹಾಕುವುದು? ಶಾಲೆಗೆ ಸಂಜೆ ಬೀಗ. ಪಂಚಾಯ್ತಿ ಕಚೇರಿ ಇರುವುದು ಪಕ್ಕದ ಊರಿನಲ್ಲಿ. ಊರ ಗಂಡಸರು ಅರಳಿಕಟ್ಟೆಯ ಮೇಲೆ ಕೂತು ಮಾತಾಡಿ, ಆಂಜನೇಯನ ಗುಡಿಯ ಮುಂದಿನ ಮಂಟಪವೇ ಸರಿ ಎಂದರು. ಬೀಗವಿಲ್ಲ, ನೆರಳಿದೆ, ಕೂರಲು ಕಲ್ಲಿನ ಜಗಲಿ ಇದೆ, ಕರೆಂಟು ಹೋದರೆ ಸೋಲಾರ್ ಬ್ಯಾಟರಿ ಇದೆ. ಎಲ್ಲರಿಗೂ ಸೇರಿದ ಜಾಗ ಅದೊಂದೇ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವರಿಗೆ ಹಾಗೆಯೇ ಕಂಡಿತ್ತು. ನನಗೂ ಆಗ ಹಾಗೆಯೇ ಕಂಡಿತ್ತು.

ಮಂಟಪದ ಕಂಬಕ್ಕೆ ಪೆಟ್ಟಿಗೆ ಕಟ್ಟಿದ ದಿನ ಪೂಜಾರಪ್ಪ ಅದಕ್ಕೂ ಕುಂಕುಮ ಇಟ್ಟರು.

"ನಮ್ ಸ್ವಾಮಿ ಸಮುದ್ರ ಹಾರ್ದೋನು ಕಣ್ಲಾ, ಅವನ್ಗೆ ಈ ವೈರೆಲ್ಲಾ ಯಾವ್ ಲೆಕ್ಕ!" ಎಂದು ನಗಿಸಿದರು.

ನಿಮ್ಮ ಅತ್ತೆಗೆ ಬಾಯಿ ಬಂದದ್ದು ಆ ದಿನ. ಸಂಜೆ ದನ ಕಟ್ಟಿ, ಮುಖ ತೊಳೆದು, ಮಂಟಪಕ್ಕೆ ಹೋಗಿ ಕಂಬಕ್ಕೆ ಒರಗಿ ಕೂರುವಳು. ಹೆಣ್ಣುಮಗಳೆಂದು ನಾನೂ ಹೋಗಿ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂರುವೆನು. ಪರದೆಯಲ್ಲಿ ಗೆಳತಿಯರ ಕೈಗಳು ನೀರು ಹರಿದಂತೆ ಓಡಾಡುತ್ತಿದ್ದವು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅವಳು ಅಷ್ಟು ಮಾತಿನಮಲ್ಲಿ ಎಂದು ನನಗೆ ತಿಳಿದದ್ದೇ ಆಗ. ಅವರನ್ನು ನೋಡಿ ನೋಡಿ ನಾನೂ ಕೈಮಾತು ಕಲಿತೆ. ಅವಳೇ ಎಷ್ಟೋ ಸಲ ನನ್ನ ಬೆರಳು ಹಿಡಿದು ತಿದ್ದಿದಳು. ಆ ಪೆಟ್ಟಿಗೆಗೆ ಅವಳಿಟ್ಟ ಗುರುತೇ ಗಾಳಿಯಲ್ಲಿ ಬರೆಯುವ ಚೌಕ.

ಗೆಳತಿಯೊಬ್ಬಳ ಮೂಲಕ ಪಾವಗಡದ ಕಡೆಯ ಒಬ್ಬ ಹುಡುಗ ಪರಿಚಯವಾದ. ಅವನೇ ನಿಮ್ಮ ಮಾವ. ಅವನಿಗೂ ಕಿವಿ ಕೇಳಿಸದು. ಆಂಧ್ರದ ಕಡೆಯ ಶಾಲೆಯಲ್ಲಿ ಓದಿದವನು, ದರ್ಜಿ ಕೆಲಸ ಮಾಡುತ್ತಿದ್ದ. ಅವನಿಗೆ ಬರುವುದು ತೆಲುಗು ಅಕ್ಷರ, ಇವಳಿಗೆ ಬರುವುದು ಕನ್ನಡ ಅಕ್ಷರ. ಬರೆದು ಕಳಿಸಿದರೆ ಇಬ್ಬರಿಗೂ ಅರ್ಥವಾಗದು. ಕೈಮಾತು ಮಾತ್ರ ಇಬ್ಬರದೂ ಸುಮಾರಾಗಿ ಒಂದೇ. ಹಾಗಾಗಿ ಅವರಿಬ್ಬರ ನಡುವೆ ಇದ್ದದ್ದು ಆ ಕಂಬದ ಪೆಟ್ಟಿಗೆ ಒಂದೇ.

ಎರಡೂ ಮನೆಯವರು ಗೊರವನಹಳ್ಳಿಯ ಲಕ್ಷ್ಮಿ ಗುಡಿಯಲ್ಲಿ ಒಮ್ಮೆ ಕಂಡು ಮಾತಾಡಿದೆವು. ಹುಡುಗನಿಗೆ ತಂದೆಯಿಲ್ಲ. ಅವನ ಸೋದರಮಾವನೇ ಹಿರಿಯ. ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಕಡಿಮೆ. ಅವನಿಗೂ ಒಬ್ಬ ಮಗಳಿದ್ದಳು, ಅವಳನ್ನು ಈ ಹುಡುಗನಿಗೇ ಕೊಡಬೇಕೆಂದು ಮನೆಯ ಅರ್ಧ ಜನಕ್ಕೆ ಆಸೆಯಿತ್ತು. ಹುಡುಗ ಮಾತ್ರ ಇವಳನ್ನೇ ಕೇಳಿದ್ದ.

ಇವಳು ಒಂದು ಮಾತು ಹೇಳಿಬಿಟ್ಟಿದ್ದಳು. ಮುಂಚೆ ಬಂದ ಸಂಬಂಧಗಳೆಲ್ಲ, ಮಾತು ಬರದಿದ್ದರೇನು, ಗೇಯುತ್ತಾಳಲ್ಲ ಎಂದು ಕೇಳಿಕೊಂಡು ಬಂದವು. ಇನ್ನು ಮೇಲೆ ತಾನು ಪೂರ್ತಿ ಮಾತಾಡಿ ಮುಗಿಸದ ಗಂಡಿಗೆ ಹೂಂ ಅನ್ನುವುದಿಲ್ಲ ಎಂದಳು. ಅವನ ಹತ್ತಿರ ಕೇಳಬೇಕಾದದ್ದು ಇನ್ನೂ ಒಂದು ಉಳಿದಿದೆ ಎಂದಳು. ಏನೆಂದು ನನಗೆ ಹೇಳಲಿಲ್ಲ.

ಅಷ್ಟರಲ್ಲಿ ಅವಳು ಹೊರಗಾದಳು. ನಮ್ಮ ಮನೆಗಳಲ್ಲಿ ಆ ದಿನಗಳಲ್ಲಿ ಹೆಣ್ಣುಮಕ್ಕಳು ಹಿಂದಿನ ಕೊಟ್ಟಿಗೆಯ ಜಗಲಿಯಲ್ಲಿ ಇರುತ್ತಾರೆ, ಒಳಗೆ ಬರುವುದಿಲ್ಲ. ಗುಡಿಯ ಮಾತಂತೂ ದೂರ. ನಾನೂ ಹಾಗೆಯೇ ಇದ್ದೆ, ನನ್ನ ಅತ್ತೆಯೂ ಹಾಗೆಯೇ ಇದ್ದರು. ಆ ಪದ್ಧತಿ ಇವಳ ಬಾಯನ್ನೇ ಕಟ್ಟುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅಲ್ಲಿ ಹುಡುಗ ದಿನವೂ ಖಾಲಿ ಫೋನಿನ ಎದುರು ಕೂತದ್ದನ್ನು ಅವನ ಮನೆಯವರು ನೋಡಿದರು. ಸೋದರಮಾವ ನನಗೆ ಫೋನು ಮಾಡಿದ.

"ಏಮಮ್ಮಾ, ನಿಮ್ ಅಮ್ಮಾಯಿ ಯಾಕ್ ಕಾಣಿಸ್ತಾ ಇಲ್ಲ? ಇಷ್ಟಂ ಲೇದಾ? ಇಲ್ಲಾಂದ್ರೆ ಇಲ್ಲ ಅಂದ್ಬುಡ್ರಿ, ಬಾಧ ಇಲ್ಲ."

ಪರ ಗಂಡಸು. ಅವನಿಗೆ ನಾನು ಏನೆಂದು ಹೇಳಲಿ? "ಹಂಗೇನಿಲ್ಲ, ಹಂಗೇನಿಲ್ಲ" ಎಂದು ತೊದಲಿ ಫೋನು ಇಟ್ಟೆ.

ಸ್ನಾನ ಮಾಡಿಕೊಂಡು ಅವಳು ಮಂಟಪಕ್ಕೆ ಹೋದ ಮೇಲೆ ಎಲ್ಲ ಸರಿಹೋಯಿತು. ಆದರೆ ಅವರ ಮನೆಯಲ್ಲಿ ಗುಸುಗುಸು ನಿಲ್ಲಲಿಲ್ಲ. ಮರು ತಿಂಗಳು ಸೋದರಮಾವ ಮತ್ತೆ ಫೋನು ಮಾಡಿ, ಬರುವ ಸೋಮವಾರ ಹಿರಿಯರು ಕೂರುತ್ತಾರೆ, ಅಷ್ಟರೊಳಗೆ ಹುಡುಗಿ ಹುಡುಗನಿಗೆ ಮಾತು ಕೊಡಬೇಕು, ಇಲ್ಲದಿದ್ದರೆ ನಮ್ಮ ದಾರಿ ನಾವು ನೋಡಿಕೊಳ್ಳುತ್ತೇವೆ ಎಂದ. ಆ ಮಾತು ಬಂದ ಮರುದಿನವೇ, ಶುಕ್ರವಾರ, ಇವಳು ಹಿತ್ತಲಿಂದ ನನ್ನ ಕಡೆ ನೋಡಿ ಕೈಯಲ್ಲಿ ಗುರುತು ಮಾಡಿದಳು. ಮತ್ತೆ ಹೊರಗಾಗಿದ್ದಳು.

ಕೊರಟಗೆರೆಗೆ, ನಿಮ್ಮ ಮನೆಗೆ ಕರೆದುಕೊಂಡು ಬರೋಣವೆಂದರೆ ನಿಮ್ಮ ಅಮ್ಮ ಅದೇ ವಾರ ಮನೆಯಲ್ಲಿ ಲಕ್ಷ್ಮಿ ಪೂಜೆ ಇಟ್ಟುಕೊಂಡಿದ್ದಳು. ಹುಡುಗನನ್ನೇ ಬಾ ಎನ್ನೋಣವೆಂದರೆ, ಮಾತು ಗಟ್ಟಿಯಾಗುವ ಮುಂಚೆ ಗಂಡು ಮನೆಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಕೊಟ್ಟಿಗೆಯ ಜಗಲಿಯಲ್ಲಿ ಕೂತು ತನ್ನ ಕೈಯ ವೀಡಿಯೊ ತೆಗೆದು ಕಳಿಸಲು ನೋಡಿದಳು. ಆ ಬಳೆ ಸುತ್ತಿತು, ಸುತ್ತಿತು, ಹೋಗಲೇ ಇಲ್ಲ. ಅವಳು ಫೋನನ್ನು ಹುಲ್ಲಿನ ಮೇಲೆ ಎಸೆದು ಮುಖ ತಿರುಗಿಸಿಕೊಂಡು ಕೂತಳು. ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ಹಾಗೆ ಮಾಡುತ್ತಿದ್ದಳು. ಆಗ ಅವಳನ್ನು ಮಾತಾಡಿಸಲು ಯಾರಿಂದಲೂ ಆಗುವುದಿಲ್ಲ.

ಶನಿವಾರ ನಮ್ಮೂರ ಶಾಲೆಯಲ್ಲಿ ಗ್ರಾಮಸಭೆ ಇತ್ತು. ನಾನು ಅಲ್ಲಿಯವರೆಗೆ ಎಂದೂ ಅಲ್ಲಿ ಬಾಯಿ ತೆರೆದವಳಲ್ಲ. ಸಂಘದ ಹೆಂಗಸರ ಜೊತೆ ಹಿಂದೆ ಕೂತು ಟೀ ಕುಡಿದು ಬರುತ್ತಿದ್ದೆ. ಆ ದಿನ ಕೊನೆಯಲ್ಲಿ, ಇನ್ನೇನಾದರೂ ಇದೆಯಾ ಎಂದು ಕೇಳಿದಾಗ ಎದ್ದು ನಿಂತುಬಿಟ್ಟೆ.

"ಆ ನೆಟ್ಟಿನ ಪೆಟ್ಗೆ... ಅದ್ನ ನೀರಿನ್ ಘಟಕದ ತಾವ ಹಾಕುಸ್ಕೊಡ್ರಪ್ಪಾ."

ನೀರಿನ ಘಟಕವೆಂದರೆ ಊರ ಬಾಗಿಲಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಚಿಕ್ಕ ಕಟ್ಟಡ. ನಮ್ಮ ಕಡೆಯ ಕೊಳವೆಬಾವಿಯ ನೀರು ಹಲ್ಲು, ಮೂಳೆ ಕೆಡಿಸುತ್ತದೆ. ಹಾಗಾಗಿ ಎಲ್ಲರೂ ಎಲ್ಲ ದಿನವೂ ಕ್ಯಾನು ಹಿಡಿದು ಅಲ್ಲಿಗೇ ಹೋಗಬೇಕು.

ಅಧ್ಯಕ್ಷೆಯ ಗಂಡ, ಅವಳ ಬದಲು ಯಾವಾಗಲೂ ಅವನೇ ಮಾತಾಡುವುದು, ಕೇಳಿದ: "ಯಾಕಮ್ಮ, ಗುಡೀಲಿ ಏನಾಗೈತೆ?"

"ಅಲ್ಲಿ ಎಲ್ಲಾರ್ಗೂ ಆಗಾಕಿಲ್ಲ."

"ಯಾರ್ಗೆ ಆಗಾಕಿಲ್ಲ? ಹೇಳು ಮತ್ತೆ. ದೇವ್ರು ಎಲ್ಲಾರ್ಗೂ ಒಂದೇ."

ಯಾರೋ, "ವಯಸ್ಸಾದ್ಮೇಲೆ ರೀಲ್ಸ್ ನೋಡೋ ಆಸೆ ಬಂದೈತೆ ಕಣ್ಲಾ" ಎಂದರು. ನಕ್ಕರು. ನಾನು ಸೆರಗಿನ ತುದಿ ತಿರುಚುತ್ತ ನಿಂತೆ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಅಷ್ಟು ಜನ ಗಂಡಸರ ಎದುರು ಅದು ಹೊರಗೆ ಬರಲಿಲ್ಲ. ಕೂತುಬಿಟ್ಟೆ.

ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು. ಕಾಲೋನಿಯ ಅಂಗನವಾಡಿ ಟೀಚರು. ಕಾಲೋನಿ ಎಂದರೆ ಊರಿನ ಕೆಳಗಿನ ಕೇರಿ. ಅವಳ ಮನೆಯ ಗೋಡೆಯಲ್ಲಿ ಬುದ್ಧನ ಪಟವಿದೆ. ನಿಮ್ಮ ಅಪ್ಪನ ಜೊತೆ ಒಂದೇ ಶಾಲೆಯಲ್ಲಿ ಓದಿದವಳು.

"ಹೆಣ್ಮಕ್ಳಿಗೆ ತಿಂಗ್ಳಿಗೆ ಮೂರ್ ದಿನ ಅಲ್ಲಿ ಆಗಾಕಿಲ್ಲ ಅಂತ ಹೇಳಾಕೆ ಆ ಯಮ್ಮ ನಾಚ್ಕೊತಾವ್ಳೆ. ನಾನು ನಾಚ್ಕೊಳಾಕಿಲ್ಲ, ಹೇಳ್ತೀನಿ. ನಮ್ ಕಾಲೋನಿಯೋರಿಗೆ ತಿಂಗ್ಳೆಲ್ಲಾ ಆಗಾಕಿಲ್ಲ."

ಅಧ್ಯಕ್ಷೆಯ ಗಂಡ, "ಯಾರ್ ನಿಮ್ಗೆ ಬ್ಯಾಡ ಅಂದೋರು? ಹೆಸ್ರು ಹೇಳು, ಕೇಳನ" ಎಂದ.

"ಬಾಯಲ್ಲಿ ಯಾರೂ ಅಂದಿಲ್ಲ ಬುಡಿ. ಬಾಯಲ್ಲಿ ಅಂದ್ರೆ ಕೇಸಾಯ್ತದೆ ಅಂತ ನಿಮ್ಗೂ ಗೊತ್ತು. ಜಗ್ಲಿ ಮ್ಯಾಲೆ ನಾವ್ ಕುಂತ್ರೆ ಮಾರ್ನೆ ದಿನ ಯಾರ್ ಕೂಲಿಗ್ ಕರೀತಾರೆ? ಸರ್ಕಾರದ್ ಕೆಲ್ಸಕ್ಕೆ ದಿನಾ ಫೋಟೋ ಕಳುಸ್ಬೇಕು ನಾನು. ಎಲ್ಲಿ ನಿಂತು ಕಳುಸ್ತೀನಿ ಅಂತ ಒಬ್ರಾದ್ರೂ ನೋಡೀರಾ?"

ಪಂಚಾಯ್ತಿ ಅಧಿಕಾರಿ ಎದ್ದು, ಜಾಗ ಬದಲಾಯಿಸಲು ಮೇಲಿನಿಂದ ಒಪ್ಪಿಗೆ ಬರಬೇಕು, ಕೇಬಲ್ಲು ಮತ್ತೆ ಎಳೆಯಬೇಕು, ಬರೆದು ಕಳಿಸುತ್ತೇನೆ ಎಂದ. ಸಭೆ ಮುಗಿಯಿತು.

ಟೀಚರು ಎಲ್ಲಿ ನಿಂತು ಫೋಟೋ ಕಳಿಸುತ್ತಾಳೆಂದು ನಾನು ನೋಡಿದ್ದೆ. ಗುಡಿಯ ಹಿಂದಿನ ಗೋಡೆಗೆ ಅಂಟಿಕೊಂಡು ಒಂದು ಮೋರಿ ಇದೆ, ದೇವರಿಗೆ ಎರೆದ ನೀರು ಹೊರಗೆ ಹರಿಯುವುದು. ಅಲ್ಲಿ ಕಾಲೋನಿಯವರು ಫೋನನ್ನು ಗೋಡೆಯ ಕಡೆ ಚಾಚಿ ನಿಂತಿರುವುದನ್ನು ಸಂಜೆ ಬರುವಾಗ ಹೋಗುವಾಗ ಎಷ್ಟೋ ಸಲ ಕಂಡಿದ್ದೆ. ಯಾಕೆ ಅಲ್ಲಿ ನಿಂತಿದ್ದಾರೆ ಎಂದು ಒಂದು ದಿನವೂ ನನ್ನ ಮನಸ್ಸಿಗೆ ಬಂದಿರಲಿಲ್ಲ. ನನ್ನ ಮಗಳು ಹೊರಗಾದ ಮೇಲೆಯೇ ನನಗೆ ಹೊರಗು ಕಂಡದ್ದು.

ದಾರಿಯಲ್ಲಿ ಟೀಚರು ನನ್ನನ್ನು ನಿಲ್ಲಿಸಿದಳು.

"ಏನ್ ಅರ್ಜೆಂಟು ಕಣಮ್ಮ ನಿಂಗೆ? ಎದ್ದು ನಿಂತಿದ್ದೇ ದೊಡ್ದು ಇವತ್ತು."

ಹೆಂಗಸಲ್ಲವೇ, ಅವಳಿಗೆ ಎಲ್ಲ ಹೇಳಿದೆ. ಸೋಮವಾರದ ಗಡುವು, ಸೋದರಮಾವ, ಕೊಟ್ಟಿಗೆಯ ಜಗಲಿ.

"ಅಯ್ಯೋ, ಅಷ್ಟೇಯಾ? ನಾಳೆ ಮಧ್ಯಾಹ್ನ ಕರ್ಕೊಂಡ್ ಬಾ ಮೋರಿ ತಾವ್ಕೆ. ಮಂಟಪದಾಗೆ ಗೇಮ್ ಆಡೋ ಹುಡುಗ್ರು ಊಟಕ್ಕೋಗಿರ್ತಾರೆ, ಆವಾಗ ಒಸಿ ಜೋರಾಗಿ ಬತ್ತದೆ." ಎರಡು ಹೆಜ್ಜೆ ಹೋದವಳು ತಿರುಗಿ, "ಅಲ್ಲಿ ಮೈಲಿಗೆ ಇಲ್ಲ ಬುಡು. ನಾವೇ ಇರೋದು" ಎಂದಳು. ನಕ್ಕಳು. ನನಗೆ ನಗಲು ಆಗಲಿಲ್ಲ.

ಭಾನುವಾರ ಬಿಸಿಲು ನೆತ್ತಿಯ ಮೇಲಿತ್ತು. ಹುಡುಗನಿಗೆ ಹೊತ್ತು ತಿಳಿಸಿ ಎಂದು ಸೋದರಮಾವನಿಗೆ ಬೆಳಿಗ್ಗೆಯೇ ಫೋನು ಮಾಡಿದ್ದೆ. ನಿಮ್ಮ ಅತ್ತೆಯನ್ನು ಹಿತ್ತಲ ದಾರಿಯಿಂದ ಕರೆದುಕೊಂಡು ಹೋದೆ. ಟೀಚರು ಮೊದಲೇ ಬಂದು ಮೋರಿಯ ಮೇಲೆ ಒಂದು ಚಪ್ಪಡಿ ಎಳೆದು ಹಾಕಿದ್ದಳು. ಕೊಳೆತ ಹೂವಿನ ವಾಸನೆ, ನೊಣ. ಗೋಡೆಯಲ್ಲಿ ಕಲ್ಲು ಸರಿದು ಬಿರುಕು ಬಿಟ್ಟ ಕಡೆ ಫೋನನ್ನು ಹಿಡಿಯಬೇಕಿತ್ತು. ಹಿಡಿದುಕೊಂಡರೆ ಇವಳಿಗೆ ಮಾತಾಡಲು ಒಂದೇ ಕೈ ಉಳಿಯುತ್ತದೆ. ಹಾಗಾಗಿ ಟೀಚರು ಫೋನು ಹಿಡಿದಳು. ಬಿಸಿಲು ಬಿದ್ದರೆ ಪರದೆ ಕಾಣದೆಂದು ನಾನು ಸೆರಗು ಅಡ್ಡ ಹಿಡಿದೆ.

ಹುಡುಗ ಕಂಡ. ಬಿಟ್ಟು ಬಿಟ್ಟು ಬರುತ್ತಿತ್ತು, ಆದರೂ ಕಂಡ.

ಇವಳು ಸುತ್ತು ಬಳಸಲಿಲ್ಲ. ತಾನು ಯಾಕೆ ಬಂದಿರಲಿಲ್ಲ ಎಂದು ಹೇಳಿದಳು, ಹಿತ್ತಲು, ಕೊಟ್ಟಿಗೆ, ಗುಡಿ, ಚೌಕ. ಆಮೇಲೆ ಅವನನ್ನು ಕೇಳಬೇಕೆಂದಿದ್ದದ್ದನ್ನು ಕೇಳಿದಳು. ಅಷ್ಟರಲ್ಲಿ ನನಗೆ ಅವಳ ಕೈ ಚೆನ್ನಾಗಿಯೇ ತಿಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಈ ದಿನಗಳಲ್ಲಿ ನನ್ನನ್ನು ಹಿಂದೆ ದನದ ಹತ್ತಿರ ಕೂರಿಸುತ್ತಾರಾ?

ಅವಳು ಆ ಪ್ರಶ್ನೆಯನ್ನು ನನ್ನ ಎದುರಿಗೇ ಕೇಳಿದಳು, ನನ್ನ ಕಡೆ ನೋಡದೆ. ಟೀಚರಿಗೆ ಕೈಮಾತು ಬಾರದು, ಅದೊಂದು ಪುಣ್ಯ.

ಅವನ ಕೈ ಮೇಲೆದ್ದಿತು. ಅಲ್ಲಿಗೇ ಚಿತ್ರ ನಿಂತಿತು.

ಮೂವರೂ ಆ ನಿಂತ ಕೈಯನ್ನು ನೋಡಿದೆವು. ಮಂಟಪಕ್ಕೆ ಯಾರೋ ಬಂದಿರಬೇಕು. ಟೀಚರು ಫೋನನ್ನು ಬಿರುಕಿಗೆ ಇನ್ನೂ ಒತ್ತಿ, "ಬಾರೋ, ಬಾರೋ ನಮ್ಮಪ್ಪ" ಎಂದು ಗೋಡೆಗೇ ಹೇಳಿದಳು. ನಾನು ಒಳಗಿನ ಸ್ವಾಮಿಗೆ ಕೈಮುಗಿಯಲು ಹೋಗಿ ಸೆರಗು ಬಿಟ್ಟುಬಿಟ್ಟೆ, ನಿಮ್ಮ ಅತ್ತೆ ನನ್ನ ಮೊಣಕೈಗೆ ತಟ್ಟಿದಳು. ಮತ್ತೆ ಹಿಡಿದೆ.

ಕೈ ಅಲ್ಲಾಡಿತು. ಅವನು ತಲೆಯನ್ನೂ ಅಲ್ಲಾಡಿಸಿದ. ಇಲ್ಲ. ಅಮ್ಮನನ್ನು ಕೇಳಿದ್ದೇನೆ. ನಮ್ಮದು ಒಂದೇ ಕೋಣೆ, ಹೊರಗೆ ಕೂರಿಸಲು ನಮಗೆ ಜಾಗವೇ ಇಲ್ಲ. ಕೊನೆಯದನ್ನು ಹೇಳಿ ಅವನು ನಕ್ಕ. ಇವಳೂ ನಕ್ಕಳು, ಮೋರಿಯ ಮೇಲೆ ನಿಂತು, ದನಿ ತೆಗೆದು. ಅವಳ ನಗೆಯ ದನಿ ಒರಟು, ಜನ ತಿರುಗಿ ನೋಡುತ್ತಾರೆಂದು ಅವಳು ಯಾವಾಗಲೂ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದವಳು. ಆಮೇಲೆ ಹೂಂ ಎಂದಳು.

ಮದುವೆ ಆದದ್ದು ನಿಮಗೆ ಗೊತ್ತು, ನೀವು ಹೂವಿನ ತಟ್ಟೆ ಹಿಡಿದಿದ್ದಿರಿ. ಅವರ ಊರಿನಲ್ಲಿ ಪೆಟ್ಟಿಗೆ ಇರುವುದು ಪಂಚಾಯ್ತಿಯ ಪುಸ್ತಕದ ಮನೆಯಲ್ಲಿ. ಅಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂರುತ್ತಾರಂತೆ. ನಮ್ಮೂರಿಗೆ ಒಪ್ಪಿಗೆ ಇನ್ನೂ ಬಂದಿಲ್ಲ. ಪಂಚಾಯ್ತಿಯವರು ನೀರಿನ ಘಟಕದ ಪಕ್ಕ ಒಂದು ಕಂಬವನ್ನೇನೋ ನೆಟ್ಟು, ಅದಕ್ಕೆ ಕೇಬಲ್ಲಿನ ಸುರುಳಿ ತಗುಲಿಸಿ ಹೋದರು. ಈಗ ಆ ಸುರುಳಿಗೆ ಹೆಂಗಸರು ನೀರಿನ ಕ್ಯಾನು ಒಣಗಲು ನೇತುಹಾಕುತ್ತಾರೆ. ಪ್ರತಿ ಗ್ರಾಮಸಭೆಗೂ ನಾನು ಹೋಗುತ್ತೇನೆ, ಟೀಚರ ಪಕ್ಕ ಬಾಗಿಲ ಹತ್ತಿರ ಕೂರುತ್ತೇನೆ, ಅದೇ ಒಂದು ಮಾತು ಎದ್ದು ಹೇಳುತ್ತೇನೆ. "ಬರ್ದಿದೀವಮ್ಮ" ಎನ್ನುತ್ತಾರೆ.

ಹೊರಗಾಗುವ ವಯಸ್ಸು ದಾಟಿದ ನನಗೆ ಈಗ ಮಂಟಪಕ್ಕೆ ಯಾವ ದಿನವೂ ಅಡ್ಡಿಯಿಲ್ಲ. ಮಂಡಿ ನೋವು, ನಿಲ್ಲಲಾರೆ ಎಂದು ನನಗೆ ನಾನೇ ಹೇಳಿಕೊಂಡು ಎಷ್ಟೋ ಸಂಜೆ ಕಂಬಕ್ಕೆ ಒರಗಿಯೇ ಮಗಳ ಜೊತೆ ಮಾತಾಡುತ್ತೇನೆ. ಅವಳು ಬಂದವಳೇ ಮೊದಲು ಚೌಕ ಬರೆಯುತ್ತಾಳೆ. ಪೆಟ್ಟಿಗೆ ನೀರಿನ ಘಟಕಕ್ಕೆ ಹೋಯಿತಾ ಎಂದು. ನಾನು ಇಲ್ಲವೆಂದು ತಲೆ ಆಡಿಸುತ್ತೇನೆ. ಅಷ್ಟರಲ್ಲಿ ಗೋಡೆಯ ಆಚೆ ಟೀಚರು ಕೆಮ್ಮುವುದು ನನಗೆ ಕೇಳಿಸುತ್ತದೆ. ಮಗಳಿಗೆ ಕೇಳಿಸದು. ಆದರೂ ನನ್ನ ಮುಖ ನೋಡಿಯೇ ಅವಳಿಗೆ ತಿಳಿದುಬಿಡುತ್ತದೆ, ಗದ್ದ ಎತ್ತಿ ಗೋಡೆಯ ಕಡೆ ತೋರಿಸುತ್ತಾಳೆ.

ಕೆಲವು ದಿನ ಕಾಣದವಳಂತೆ ಇರುತ್ತೇನೆ. ಕೆಲವು ದಿನ ಜಗಲಿ ಹಿಡಿದು ಎದ್ದು, ಮೆಟ್ಟಿಲಿಳಿದು, ಗುಡಿ ಸುತ್ತಿಕೊಂಡು ಮೋರಿಯ ಹತ್ತಿರ ಹೋಗುತ್ತೇನೆ. ಟೀಚರು ಚಪ್ಪಡಿಯ ಮೇಲೆ ಒಂದು ಪಾದದಷ್ಟು ಜಾಗ ಬಿಡುತ್ತಾಳೆ. ಅಲ್ಲಿಗೆ ಹೋದ ಕೂಡಲೇ ಮಗಳ ಕೈ ಅರ್ಧಕ್ಕೆ ನಿಲ್ಲುತ್ತದೆ. ಅದು ಮತ್ತೆ ಅಲ್ಲಾಡಲಿ ಎಂದು ಇಬ್ಬರೂ ನೋಡುತ್ತ ನಿಲ್ಲುತ್ತೇವೆ.